ಕೆಂಪು ಕೋಟು, ಹಸಿರು ಕೋಟು

ಪದ್ಮಶ್ರೀಯ ಫೋಟೋದ ಗಾಜನ್ನು ದಿನಾ ಬೆಳಿಗ್ಗೆ ಒರೆಸಬೇಕಾದವಳು ಅಮ್ಮಾಜಮ್ಮ.

ಹೆಡ್‌ಮಾಸ್ಟರ ಕೋಣೆಯ ಎದುರು ಗೋಡೆಯಲ್ಲಿ ಆ ಫೋಟೋ ಇತ್ತು. ಕೆಳಗೆ ‘ತಿಂಗಳ ಉತ್ತಮ ಕೆಲಸಗಾರ್ತಿ’ ಅಂತ ಬರೆಸಿದ್ದರು. ಹಸಿರು ಕೋಟು ತೊಟ್ಟು, ತಲೆ ಬಾಚಿ, ಹೂ ಮುಡಿದು ಪದ್ಮಶ್ರೀ ನಗುತ್ತಿದ್ದಳು. ಅಮ್ಮಾಜಮ್ಮ ಒದ್ದೆ ಬಟ್ಟೆಯಿಂದ ಆ ನಗುವನ್ನು ತಿಕ್ಕುತ್ತಿದ್ದಳು. ಕೆಲವು ದಿನ ಬೇಕೆಂದೇ ಜೋರಾಗಿ ತಿಕ್ಕುತ್ತಿದ್ದಳು. ಗಾಜು ಇನ್ನಷ್ಟು ಹೊಳೆಯುತ್ತಿತ್ತು. ಅವಳ ಹೊಟ್ಟೆ ಉರಿಯುತ್ತಿತ್ತು.

ಶಾಲೆ ಇದ್ದದ್ದು ಚಿಂತಾಮಣಿಯಿಂದ ಅಂಬಾಜಿದುರ್ಗದ ಕಡೆ ಹೋಗುವ ರಸ್ತೆಯಲ್ಲಿ, ಟೊಮೆಟೊ ತೋಟಗಳ ಮಗ್ಗುಲಲ್ಲಿ. ಶೀಟು ಹೊದ್ದ ಎರಡು ಕೋಣೆಯಾಗಿದ್ದ ಕಾಲದಿಂದ ಅಮ್ಮಾಜಮ್ಮ ಅಲ್ಲಿ ಆಯಾ. ಈಗ ಮೂರು ಮಹಡಿ ಎದ್ದಿತ್ತು. ಮಹಡಿಗೊಂದರಂತೆ ಪಾಯಖಾನೆ ಸಾಲು ಬಂದಿತ್ತು. ಆಯಾ ಮಾತ್ರ ಒಬ್ಬಳೇ. ಬೆಳಿಗ್ಗೆ ಬಂದು ಸೊಂಟ ಬಗ್ಗಿಸಿದರೆ ಮಕ್ಕಳ ವ್ಯಾನುಗಳು ಹೊರಟ ಮೇಲೇ ಎತ್ತುವುದು. ಸೀರೆಯ ಅಂಚು ವರ್ಷವಿಡೀ ಒದ್ದೆ. ಕಾಲ್ಬೆರಳ ಸಂದಿಯಲ್ಲಿ ಆರದ ಹುಣ್ಣು.

ಪದ್ಮಶ್ರೀ ಬಂದು ಎರಡು ವರ್ಷವೂ ಆಗಿರಲಿಲ್ಲ. ಅವಳು ಅಡಿಗೆಯವಳು. ಮಕ್ಕಳಿಗೆ ಮಧ್ಯಾಹ್ನದ ಊಟ ಶಾಲೆಯಲ್ಲೇ ಆಗುತ್ತಿತ್ತು. ಮುಂಚೆ ಇದ್ದ ಅಡಿಗೆಯ ಮುದುಕಿ ಕೆಲಸ ಬಿಟ್ಟಾಗ ಅಮ್ಮಾಜಮ್ಮ ಹೆಡ್‌ಮಾಸ್ಟರ ಬಾಗಿಲಲ್ಲಿ ನಿಂತು ಕೇಳಿದ್ದಳು. ಕೇರಿಯಲ್ಲಿ ಯಾವ ಮದುವೆಯಾದರೂ ಒಲೆಯ ಮುಂದೆ ಅವಳೇ ಇರುತ್ತಿದ್ದಳು. ಇಡೀ ಕೇರಿ ಅವಳ ಸಾರನ್ನು ಬೆರಳು ನೆಕ್ಕಿ ತಿನ್ನುತ್ತಿತ್ತು.

ಹೆಡ್‌ಮಾಸ್ಟರು ಹರಿಕೃಷ್ಣ ತಲೆ ಎತ್ತಿರಲಿಲ್ಲ. “ನನಗೇನೂ ಇಲ್ಲ ಕಣಮ್ಮ. ಪೇರೆಂಟ್ಸ್ ಒಪ್ಪಲ್ಲ” ಅಂದಿದ್ದರು.

ಮುಂದಿನ ಸೋಮವಾರ ಪದ್ಮಶ್ರೀ ಬಂದಳು. ಊರಿನ ಜಮೀನಿರುವ ಮನೆತನದ ಹೆಣ್ಣು. ಗಂಡ ಬಿಟ್ಟುಹೋಗಿದ್ದ. ಅಣ್ಣಂದಿರು ಒಂದು ತುತ್ತಿಗೂ ಮುಖ ಸಿಂಡರಿಸುತ್ತಿದ್ದರು. ಕಷ್ಟದಲ್ಲಿದ್ದಳು, ಅದು ಅಮ್ಮಾಜಮ್ಮನಿಗೂ ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಕಿಚ್ಚು ಕಮ್ಮಿಯಾಗುತ್ತದೆಯೆ?

ಪದ್ಮಶ್ರೀ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಕೂತು. ಮೇಷ್ಟ್ರುಗಳು ಹೋಗುತ್ತಾ ಬರುತ್ತಾ “ಊಟ ಆಯ್ತಾ ಪದ್ಮಾ?” ಅನ್ನುತ್ತಿದ್ದರು. ಮಕ್ಕಳು ಅವಳನ್ನು ಪದ್ಮಕ್ಕ ಅನ್ನುತ್ತಿದ್ದವು. ಅಮ್ಮಾಜಮ್ಮನಿಗೆ ಅವು ಇಟ್ಟ ಹೆಸರು ಆಯಾ. ಊಟ ಆಯ್ತಾ ಅಂತ ಆ ಶಾಲೆಯಲ್ಲಿ ಅವಳನ್ನು ಯಾರೂ ಕೇಳಿದ್ದಿಲ್ಲ. ಮಗಳ ವಯಸ್ಸಿನ ಪದ್ಮಶ್ರೀಯೂ ಅವಳನ್ನು ಕರೆಯುವುದು “ಏ ಅಮ್ಮಾಜಿ” ಅಂತಲೇ.

*

ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಹೊಸ ಶಾಲೆಯೊಂದು ಎದ್ದು, ಗೇಟಿನ ಮೇಲೆ ಕ್ವಾಲಿಟಿ ಸರ್ಟಿಫಿಕೇಟು ಸಿಕ್ಕಿದೆಯೆಂದು ಬೋರ್ಡು ಹಾಕಿತು. ಈ ಶಾಲೆಯ ಸೆಕ್ರೆಟರಿ ನರೇಂದ್ರನಿಗೆ ನಿದ್ದೆ ಹತ್ತಲಿಲ್ಲ. ಜಾಗ ಅವನದು, ಕಟ್ಟಡ ಅವನದು. ನಮಗೂ ಬೇಕು ಅಂದ. ಬೆಂಗಳೂರಿನ ಯಾವುದೋ ಕಂಪನಿಯಿಂದ ಭಾನುಪ್ರಿಯಾ ಎನ್ನುವ ಮೇಡಂ ಬಂದರು. ಒಳ್ಳೆಯ ಹೆಂಗಸು. ಎಲ್ಲರಿಗೂ ಕೈ ಮುಗಿದರು. ಅಮ್ಮಾಜಮ್ಮನಿಗೂ ಮುಗಿದರು.

ಅವರು ಶಾಲೆಯ ಹಾಲ್‌ನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಸಿದರು. ಇದಕ್ಕೆ ಕ್ವಾಲಿಟಿ ಸರ್ಕಲ್ ಅಂತಾರೆ ಅಂದರು. “ಇಲ್ಲಿ ದೊಡ್ಡೋರು ಚಿಕ್ಕೋರು ಅಂತಿಲ್ಲ. ಸೆಕ್ರೆಟರಿ ಸರ್ ಕೂಡ ಇಲ್ಲೇ ಕೂರ್ತಾರೆ, ಆಯಾ ಕೂಡ ಇಲ್ಲೇ ಕೂರ್ತಾರೆ. ಬನ್ನಿ ಅಮ್ಮ.”

ಅಮ್ಮಾಜಮ್ಮ ಕೂತಳು. ಅಷ್ಟು ವರ್ಷ ಧೂಳು ಹೊಡೆದ ಕುರ್ಚಿ. ಕೂತದ್ದು ಅವತ್ತೇ ಮೊದಲು. ಪಕ್ಕದಲ್ಲಿದ್ದ ಸೈನ್ಸ್ ಮೇಷ್ಟ್ರು ತಮ್ಮ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಒಂದು ಗೇಣು ಆಚೆ ಇಟ್ಟುಕೊಂಡರು.

“ಶಾಲೆಯಲ್ಲಿ ಏನು ಸರಿಯಿಲ್ಲ ಅಂತ ಒಬ್ಬೊಬ್ಬರೂ ಹೇಳಿ” ಅಂದರು ಭಾನುಪ್ರಿಯಾ ಮೇಡಂ. “ಯಾರೂ ಬೈಯಲ್ಲ. ತಪ್ಪು ಹೇಳೋದೇ ಕ್ವಾಲಿಟಿ.”

ನರೇಂದ್ರನ ಮುಂದೆ ಆ ಶಾಲೆಯಲ್ಲಿ ತಪ್ಪು ಅನ್ನುವ ಪದ ಎತ್ತಿದವರಿರಲಿಲ್ಲ. ಕನ್ನಡ ಮೇಡಂ, “ಎಲ್ಲಾ ಚೆನ್ನಾಗಿದೆ ಮೇಡಂ” ಅಂದರು. ಸೈನ್ಸ್ ಮೇಷ್ಟ್ರು, “ಸರ್ ಸಪೋರ್ಟ್ ತುಂಬಾ ಇದೆ” ಅಂದರು. ಹಾಗೇ ಸುತ್ತು ಬಂದು ಸರದಿ ಅಮ್ಮಾಜಮ್ಮನ ಹತ್ತಿರ ನಿಂತಿತು.

ಹೇಳುವುದಕ್ಕೆ ಬೇಕಾದಷ್ಟಿತ್ತು. ಕೈಗೆ ಗ್ಲೌಸ್ ಇಲ್ಲ. ಪಾಯಖಾನೆಯ ಚೇಂಬರ್ ಗುಂಡಿ ಕಟ್ಟಿಕೊಂಡಾಗಲೆಲ್ಲ ಮೊಣಕೈವರೆಗೆ ಕೈ ಬಿಡಬೇಕು. ಒಂದು ಸಲ ಒಡೆದ ಗಾಜು ಚುಚ್ಚಿ ಬೆರಳು ಬದನೆಕಾಯಿಯಷ್ಟು ಊದಿತ್ತು, ಮುದ್ದೆ ಮುರಿಯಲಾಗದೆ ಎಡಗೈಯಲ್ಲಿ ತಿಂದಿದ್ದಳು. ಎಲ್ಲವೂ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಎದುರಿನ ಕುರ್ಚಿಯಲ್ಲಿ ಪದ್ಮಶ್ರೀ ಕನ್ನಡ ಮೇಡಂ ಕಿವಿಯಲ್ಲಿ ಏನೋ ಹೇಳಿ ಕಿಸಕ್ಕನೆ ನಕ್ಕಳು. ಅವಳ ಪಕ್ಕದ ಕುರ್ಚಿಯನ್ನು ಯಾರೂ ಸರಿಸಿರಲಿಲ್ಲ.

ಅಮ್ಮಾಜಮ್ಮನ ಬಾಯಿಂದ ಬಂದದ್ದು ಬೇರೆ ಮಾತು.

“ಅಡಿಗೆಮನೆ ನೀರಿನ ತೊಟ್ಟಿ ತೊಳ್ದು ತಿಂಗಳುಗಟ್ಟಲೆ ಆಗೈತೆ ಮೇಡಂ. ಒಳಗೆಲ್ಲಾ ಪಾಚಿ. ಆ ನೀರಲ್ಲೇ ಮಕ್ಳಿಗೆ ಅನ್ನ.”

ಭಾನುಪ್ರಿಯಾ ಮೇಡಂ ಚಪ್ಪಾಳೆ ತಟ್ಟಿದರು. “ನೋಡಿ, ಇದು ಧೈರ್ಯ!” ಅಂದರು. ಪದ್ಮಶ್ರೀಯ ಮುಖ ಸುಟ್ಟ ಬದನೆಯಂತಾಯಿತು. ಅಮ್ಮಾಜಮ್ಮನ ಹೊಟ್ಟೆಗೆ ತಣ್ಣೀರು ಹುಯ್ದಂತಾಯಿತು. ಹೇಳಿದ್ದು ನಿಜವೇ. ಆದರೆ ಹೇಳಿದ್ದು ಮಕ್ಕಳಿಗಾಗಿ ಅಲ್ಲ, ಅದೂ ಅವಳಿಗೆ ಗೊತ್ತಿತ್ತು.

ಆ ತಂಪು ಸಾಯಂಕಾಲದವರೆಗೂ ನಿಲ್ಲಲಿಲ್ಲ. ಮೇಡಂ ಕಾರು ಹತ್ತಿದ್ದೇ ತಡ, ಪದ್ಮಶ್ರೀ ನರೇಂದ್ರನ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

“ತೊಟ್ಟಿ ಒಳಗೆ ಪಾಚಿ ಐತೆ ಅಂತ ಆವಮ್ಮಂಗೆ ಹೆಂಗೆ ಗೊತ್ತಾಯ್ತು ಕೇಳಿ ಸಾರ್. ನಾನಿಲ್ಲದಾಗ ಒಳಕ್ಕೆ ಬಂದು ಮುಚ್ಚಳ ತೆಗ್ದವ್ಳೆ.”

ಪಾಚಿಯ ಮಾತು ಅಲ್ಲಿಗೆ ಮುಗಿಯಿತು. ಮುಚ್ಚಳದ ಮಾತು ಶುರುವಾಯಿತು. ಯಾವಾಗ ತೆಗೆದಳು, ನೀರು ಮುಟ್ಟಿದಳಾ, ಆ ನೀರಿನಲ್ಲಿ ಕಾಫಿ ಮಾಡಿದ್ದರಾ. ಕನ್ನಡ ಮೇಡಂ ಬಾಯಿಗೆ ಕೈ ಇಟ್ಟುಕೊಂಡರು. ತೊಟ್ಟಿ ಖಾಲಿ ಮಾಡಿಸಿದರು. ತಿಂಗಳುಗಟ್ಟಲೆ ಪಾಚಿ ಕಟ್ಟಿದ್ದರೂ ತೊಳೆಯದ ತೊಟ್ಟಿಯನ್ನು ಅವತ್ತು ಮೂರು ಸಲ ತೊಳೆದರು. ಕೊನೆಗೆ ಅರಿಶಿನದ ನೀರು ಚಿಮುಕಿಸಿದರು.

*

ಮುಂದಿನ ಸಲ ಬಂದ ಭಾನುಪ್ರಿಯಾ ಮೇಡಂ ಬಣ್ಣಗಳ ಪಾಠ ಹೇಳಿದರು. ಪಾಯಖಾನೆಗೆ ಕೆಂಪು ಪೊರಕೆ, ಕೆಂಪು ಬಕೆಟ್ಟು. ಅಡಿಗೆಮನೆಗೆ ಹಸಿರು. ಒಂದರದು ಇನ್ನೊಂದಕ್ಕೆ ಹೋಗಬಾರದು, ಕಾಯಿಲೆ ಹರಡುತ್ತದೆ. ಅವರು ಹೇಳಿದ್ದು ಪೊರಕೆಗೆ. ನರೇಂದ್ರನ ಕಿವಿಗೆ ಬಿದ್ದದ್ದೇ ಬೇರೆ. ಅವನ ಮುಖ ಅರಳಿತು. ಅಷ್ಟು ದಿನ ಬಾಯಿಬಿಟ್ಟು ಹೇಳಲಾಗದ್ದನ್ನು ಈಗ ಬೋರ್ಡಿನ ಮೇಲೆ ಬರೆಸಬಹುದಿತ್ತು.

ಪೇಂಟರು ಬಂದು ಅಡಿಗೆಮನೆಯ ಮುಂದಿನ ಪಡಸಾಲೆಯಲ್ಲಿ ಹಳದಿ ಗೆರೆ ಎಳೆದ. ಗೆರೆಯ ಆಚೆ ‘ಗ್ರೀನ್ ಜೋನ್’. ಪದ್ಮಶ್ರೀಗೆ ಹಸಿರು ಕೋಟು ಬಂತು. ಅಮ್ಮಾಜಮ್ಮನಿಗೆ ಕೆಂಪು ಕೋಟು. ದಪ್ಪ ಪಾಲಿಸ್ಟರು. ಬಿಸಿಲಿಗೆ ಒಳಗೆ ಮೈ ಬೇಯುತ್ತಿತ್ತು. ಅವಳ ಟೀ ಲೋಟಕ್ಕೆ ಕೆಂಪು ಸ್ಟಿಕ್ಕರ್ ಅಂಟಿಸಿದರು. ಪದ್ಮಶ್ರೀ ಆ ಲೋಟವನ್ನು ತಂದು ಗೆರೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಅಮ್ಮಾಜಮ್ಮ ಬಗ್ಗಿ ಎತ್ತಿಕೊಳ್ಳಬೇಕು.

ಕ್ವಾಲಿಟಿ ಸರ್ಕಲ್‌ನಲ್ಲಿ ಅವಳ ಕುರ್ಚಿಯೂ ಹೋಯಿತು. ಕೆಂಪು ಕೋಟಿನವರು ಬಾಗಿಲ ಹತ್ತಿರ ನಿಲ್ಲಲಿ ಅಂದರು. ಕೆಂಪು ಕೋಟಿನವರು ಅಂದರೆ ಅವಳೊಬ್ಬಳೇ. ಅವತ್ತು ಭಾನುಪ್ರಿಯಾ ಮೇಡಂ ಬಂದಿರಲಿಲ್ಲ.

“ಏನ್ ಸಾರ್ ಇದು?” ಅಂತ ಹೆಡ್‌ಮಾಸ್ಟರನ್ನು ಕೇಳಿದಳು.

“ಅಯ್ಯೋ, ಇದು ಜಾತಿ ಅಲ್ಲ ಕಣಮ್ಮ. ಕ್ವಾಲಿಟಿ. ಜಪಾನ್‌ನಲ್ಲೂ ಹಿಂಗೇ ಮಾಡ್ತಾರೆ.”

ಜಪಾನಿನಲ್ಲೂ ಕೇರಿ ಇದೆಯೋ ಏನೋ ಅಂದುಕೊಂಡಳು ಅಮ್ಮಾಜಮ್ಮ. ಈ ಗೆರೆ ತನ್ನ ಬಾಯಿಂದಲೇ ಬಂತು ಅನ್ನುವುದು ಅವಳನ್ನು ಇನ್ನಷ್ಟು ಸುಟ್ಟಿತು. ಅವತ್ತು ಚೇಂಬರಿನ ಮಾತು ಆಡಿದ್ದರೆ? ಆಡಲಿಲ್ಲ. ಪದ್ಮಶ್ರೀಯ ಮುಖ ಕೆಡಿಸಲು ಹೋಗಿ ತನ್ನ ಕಾಲ ಮುಂದೆ ತಾನೇ ಗೆರೆ ಎಳೆಸಿಕೊಂಡಳು. ಇದಾದ ತಿಂಗಳೇ ಪದ್ಮಶ್ರೀಯ ಫೋಟೋ ಗೋಡೆಗೆ ಬಂದದ್ದು.

ಒಂದು ಮಧ್ಯಾಹ್ನ ಹಸಿರು ಕೋಟು ಒಗೆದು ಹಿತ್ತಲ ತಂತಿಯ ಮೇಲೆ ಹಾಕಿದ್ದರು. ಸುತ್ತ ಯಾರೂ ಇರಲಿಲ್ಲ. ಅಮ್ಮಾಜಮ್ಮ ಅದರ ತೋಳಿನೊಳಗೆ ತನ್ನ ಕೈ ತೂರಿಸಿದಳು. ಒದ್ದೆ ಬಟ್ಟೆ ಮೈಗೆ ತಣ್ಣಗೆ ಹತ್ತಿತು. ತೋಳು ಬಿಗಿಯಾಗಿತ್ತು, ಆದರೂ ಹಿಡಿಸಿತು. ಹಾಗೇ ಸ್ವಲ್ಪ ಹೊತ್ತು ನಿಂತಿದ್ದಳು. ಯಾರದೋ ಚಪ್ಪಲಿ ಸದ್ದಾಯಿತು. ಕಳ್ಳಿಯಂತೆ ಕೈ ಎಳೆದುಕೊಂಡಳು. ಏನು ಕದ್ದಿದ್ದಳು ಅಂತ ಅವಳನ್ನು ಕೇಳಿದರೆ ಹೇಳಲು ಏನೂ ಇರಲಿಲ್ಲ.

*

ಸರ್ಟಿಫಿಕೇಟಿನವರು ಪರೀಕ್ಷೆಗೆ ಬರುವ ದಿನ ಬೆಳಿಗ್ಗೆ ಪಾಯಖಾನೆಯ ಚೇಂಬರ್ ಉಕ್ಕಿತು.

ಕೆಳಗಿನ ಮಹಡಿಯ ಪಾಯಖಾನೆಗಳಿಂದ ಗಲೀಜು ನೀರು ಹರಿದು ಆಟದ ಬಯಲಿನ ಅಂಚಿಗೆ ಬಂದಿತ್ತು. ಹೊಸದಾಗಿ ಬಳಿದ ಗೋಡೆಯ ಬುಡ ನೆನೆಯುತ್ತಿತ್ತು. ಅಮ್ಮಾಜಮ್ಮ ಕಲ್ಲು ಸರಿಸಿ ಬಿದಿರ ಗಳು ಬಿಟ್ಟಳು. ತಿವಿದಳು. ಮತ್ತೆ ತಿವಿದಳು. ಕಟ್ಟಿಕೊಂಡದ್ದು ಕದಲಲಿಲ್ಲ. ವಾಸನೆಗೆ ಕಣ್ಣಲ್ಲಿ ನೀರು ಬಂತು.

ನರೇಂದ್ರ ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಹೆಡ್‌ಮಾಸ್ಟರು ಅವನ ಹಿಂದೆ.

“ಗಳಿಂದ ಕದಲಲ್ಲ ಅಂದ್ಮೇಲೆ ಗುಂಡಿಗೆ ಕೈ ಹಾಕು. ಅವ್ರು ಹೊರಟಾಯ್ತಂತೆ” ಅಂದ ನರೇಂದ್ರ.

“ಗ್ಲೌಸ್ ಕೊಡಿ ಸಾರ್. ಬೀರೂನಲ್ಲಿ ಹೊಸ ಪ್ಯಾಕೆಟ್ ಐತೆ, ನಾನೇ ನೋಡಿದೀನಿ.”

“ಅದು ಅವ್ರಿಗೆ ತೋರ್ಸೋಕೆ. ಈಗ ಒಡೆದ್ರೆ ಏನ್ ತೋರ್ಸೋದು?”

ಅಮ್ಮಾಜಮ್ಮ ತನ್ನ ಕೈ ನೋಡಿಕೊಂಡಳು. ಗಾಜು ಚುಚ್ಚಿದ್ದ ಬೆರಳು ಸೊಟ್ಟಗೇ ನಿಂತುಬಿಟ್ಟಿತ್ತು.

“ಕೈ ಕೆಟ್ಟೈತೆ ಸಾರ್. ನನ್ ಕೈಲಿ ಆಗಲ್ಲ” ಅಂದಳು. ಬೇಡಿಕೊಳ್ಳುವ ದನಿಯಲ್ಲೇ ಅಂದಳು.

ಆ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನೊಣ ಗುಂಯ್‌ಗುಟ್ಟಿದಂತೆ ಅದು ಬಂದು ಹೋಯಿತು.

“ನಾಟಕ ಆಡ್ಬೇಡ. ನೀನಲ್ದಿದ್ರೆ ಇನ್ನೊಬ್ರು. ಕೆಲಸ ಕಳ್ಕೊಂಡ್ಮೇಲೆ ಗೊತ್ತಾಗುತ್ತೆ” ಅಂತ ನರೇಂದ್ರ ಸುತ್ತ ನೋಡಿದ. ಅವಳನ್ನು ಹೆದರಿಸುವುದಕ್ಕೆ ಒಬ್ಬರು ಬೇಕಾಗಿತ್ತು. ಅಡಿಗೆಮನೆಯ ಬಾಗಿಲಲ್ಲಿ ಪದ್ಮಶ್ರೀ ನಿಂತು ನೋಡುತ್ತಿದ್ದಳು. “ಪದ್ಮಶ್ರೀ, ಬಾರಮ್ಮ ಇಲ್ಲಿ.”

ಅವಳು ಬಂದಳು. ಪರೀಕ್ಷೆಯವರು ಬಂದಾಗ ತೊಡಲೆಂದು ಅಮ್ಮಾಜಮ್ಮ ಕೆಂಪು ಕೋಟನ್ನು ಮಡಿಸಿ ಕಿಟಕಿಯಲ್ಲಿ ಇಟ್ಟಿದ್ದಳು. ನರೇಂದ್ರ ಅದನ್ನು ಎರಡು ಬೆರಳಲ್ಲಿ ಎತ್ತಿ ಪದ್ಮಶ್ರೀಯ ಕೈಗೆ ಹಾಕಿದ. “ಇವತ್ತೊಂದು ದಿನ ನೀನು ನೋಡ್ಕೊಮ್ಮ.”

ಅಮ್ಮಾಜಮ್ಮನ ಎದೆ ಹೊಡೆದುಕೊಂಡಿತು. ಹೆದರಿಕೆಯಿಂದಲ್ಲ, ಸಂತೋಷದಿಂದ. ತೊಡಲಿ. ಬಗ್ಗಲಿ. ಕೊತ್ತಂಬರಿ ಹೆಚ್ಚುವ ಕೈ ಇದರೊಳಗೂ ಇಳಿಯಲಿ. ಅವಳ ಮೈಯೆಲ್ಲ ಅದನ್ನೇ ಕೇಳುತ್ತಿತ್ತು.

ಪದ್ಮಶ್ರೀ ಬೆಂಕಿ ಮುಟ್ಟಿದವಳಂತೆ ಕೋಟನ್ನು ಕೈ ಬಿಟ್ಟಳು. ಕೆಂಪು ಕೋಟು ನೆಲಕ್ಕೆ ಬಿತ್ತು.

“ಆಗಲ್ಲ ಸಾರ್” ಅಂದಳು.

ಅಷ್ಟೇ. ಕಾರಣ ಹೇಳಲಿಲ್ಲ. ಕೈ ಕೆಟ್ಟಿದೆ ಅನ್ನಲಿಲ್ಲ.

ಹೆಡ್‌ಮಾಸ್ಟರು ಗಾಬರಿಯಾದರು. “ಬಿಡಮ್ಮ, ಬಿಡು ಬಿಡು. ಸಾರ್ ಸುಮ್ನೆ ಅಂದ್ರು.” ನರೇಂದ್ರನೂ ಮೆತ್ತಗಾದ. “ಮನಸ್ಸಿಗೆ ಹಚ್ಕೋಬೇಡಮ್ಮ. ನಿನ್ ಕೈಲಿ ಮಾಡ್ಸಕ್ಕಾಗ್ತದಾ? ಒಳಕ್ಕೋಗು.”

ಪದ್ಮಶ್ರೀ ಒಳಗೆ ಹೋದಳು. ಇಬ್ಬರು ಗಂಡಸರೂ ತಿರುಗಿ ಅಮ್ಮಾಜಮ್ಮನ ಕಡೆ ನೋಡಿದರು. ನೀರು ಇಳಿಜಾರಿಗೆ ತಿರುಗುವಂತೆ ತಿರುಗಿದರು.

ಅಮ್ಮಾಜಮ್ಮ ಅಲ್ಲೇ ನಿಂತಳು. ನಿನ್ನೆಯವರೆಗೆ ಅವಳು ಕರುಬಿದ್ದು ಹಸಿರು ಕೋಟಿಗೆ. ಕೂತು ಹೆಚ್ಚುವ ಬೀನ್ಸಿಗೆ. ಗೋಡೆಯ ಫೋಟೋಗೆ. ಅವೆಲ್ಲ ಈಗ ಪುಟಗೋಸಿಯಷ್ಟೂ ಅಲ್ಲ ಅನ್ನಿಸಿತು. ಪದ್ಮಶ್ರೀಯ ಹತ್ತಿರ ಇದ್ದದ್ದು ಒಂದು ಮಾತು. ಇಬ್ಬರೂ ಆಡಿದ್ದು ಅದೇ ಮಾತು. ಅವಳು ಆಡಿದರೆ ಬಿಳಿ ಶರಟಿನ ಗಂಡಸು ತಲೆ ತಗ್ಗಿಸುತ್ತಾನೆ. ತಾನು ಆಡಿದರೆ ನೊಣದ ಸದ್ದು. ಅಮ್ಮಾಜಮ್ಮನಿಗೆ ಆ ಮಾತಿನ ಮೇಲೆ ಹೊಟ್ಟೆಕಿಚ್ಚು ಹತ್ತಿತು. ಅದು ಈವರೆಗಿನ ಕಿಚ್ಚಿನಂತಿರಲಿಲ್ಲ. ಕಾಲಿನಿಂದ ನೆತ್ತಿಗೆ ಏರಿತು.

“ಹೂಂ, ಇಳಿ” ಅಂದ ನರೇಂದ್ರ.

“ಆಗಲ್ಲ.”

ಈ ಸಲ ಸಾರ್ ಅನ್ನಲಿಲ್ಲ.

“ಏನಂದೆ?”

“ಆ ಹುಡುಗಿ ಏನಂದ್ಲೋ ಅದೇ ಅಂದೆ. ಅವ್ಳು ಅಂದಿದ್ದು ಕೇಳಿಸ್ತಲ್ಲ ನಿಮ್ಗೆ? ನಂದು ಯಾಕೆ ಕೇಳ್ಸಲ್ಲ?”

“ಅಮ್ಮಾಜಮ್ಮ, ಸ್ವಲ್ಪ ಅರ್ಥ ಮಾಡ್ಕೊ” ಅಂತ ಹೆಡ್‌ಮಾಸ್ಟರು ನಡುವೆ ಬಂದರು. “ಶಾಲೆ ಮರ್ಯಾದೆ...”

“ಶಾಲೆ ಮರ್ಯಾದೆ ಈ ಗುಂಡಿ ಒಳಗೆ ಬಿದ್ದಿದ್ರೆ ನೀವೇ ಇಳಿದು ತಕ್ಕೊಳ್ಳಿ ಸಾರ್. ಕ್ವಾಲಿಟೀಲಿ ದೊಡ್ಡೋರು ಚಿಕ್ಕೋರು ಇಲ್ಲ ಅಂದ್ರಲ್ಲ ಆ ಮೇಡಂ. ನೀವು ತಲೆ ಆಡಿಸಿದ್ರಿ. ನಾನು ನೋಡ್ದೆ.”

ನರೇಂದ್ರ ಒಂದು ಹೆಜ್ಜೆ ಮುಂದೆ ಬಂದ. “ನಾಳೆಯಿಂದ ಗೇಟ್ ಒಳಗೆ ಕಾಲಿಡಬೇಡ.”

“ಇಡ್ತೀನಿ. ಕಸ ಹೊಡೀತೀನಿ. ನೀರು ಹಾಕ್ತೀನಿ. ಗುಂಡಿಗೆ ಕೈ ಬಿಡಲ್ಲ. ಮನುಷ್ಯರ ಕೈಲಿ ಗುಂಡಿ ಬಳಿಸಿದ್ರೆ ಜೈಲು ಅಂತ ಚಿಂತಾಮಣಿ ದಲಿತ ಸಂಘದೋರು ನಮ್ಮ ಕೇರೀಲಿ ಮೈಕ್ ಹಿಡ್ದು ಹೇಳವ್ರೆ. ಅವ್ರನ್ನ ಕರೀಲಾ? ನಿಮ್ಮ ಸರ್ಟಿಫಿಕೇಟೋರು ಬರೋ ಹೊತ್ಗೆ ಅವ್ರೂ ಬರ್ತಾರೆ.”

ನರೇಂದ್ರ ಗೇಟಿನ ಕಡೆ ನೋಡಿದ. ಹೆಡ್‌ಮಾಸ್ಟರು ಅವನನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ನರೇಂದ್ರ ಫೋನು ತೆಗೆದ.

ಚಿಂತಾಮಣಿಯಿಂದ ಸಕ್ಕಿಂಗ್ ಗಾಡಿ ಬಂತು. ದಪ್ಪ ಪೈಪು ಬಿಟ್ಟರು, ಮೋಟಾರು ಹಾಕಿದರು. ಗುಂಡಿ ಗಡಗಡ ಅಂದು ಖಾಲಿಯಾಯಿತು. ಡ್ರೈವರು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಅಮ್ಮಾಜಮ್ಮ ಬಾಯಿ ಬಿಟ್ಟು ನೋಡಿದಳು. ಆ ಗಾಡಿ ಇಷ್ಟು ವರ್ಷವೂ ಚಿಂತಾಮಣಿಯಲ್ಲೇ ಇತ್ತು. ಒಂದು ಫೋನು ಮಾಡಬೇಕಿತ್ತು. ತನ್ನ ಕೈ ಇತ್ತಲ್ಲ, ಯಾರು ಫೋನು ಮಾಡುತ್ತಾರೆ? ಅವಳಿಗೆ ಅಳು ಬಂತು. ಗೆದ್ದ ಅಳು ಅಲ್ಲ. ಸೊಟ್ಟ ಬೆರಳು ನೋಡಿಕೊಂಡು ಅತ್ತಳು.

*

ಸರ್ಟಿಫಿಕೇಟು ಬಂತು. ಹಳದಿ ಗೆರೆಯನ್ನು ಪರೀಕ್ಷೆಯವರು ಬಹಳ ಹೊಗಳಿದರಂತೆ.

ಪರೀಕ್ಷೆಯ ಮಾರನೆಯ ದಿನ ಅಮ್ಮಾಜಮ್ಮ ಗೇಟಿಗೆ ಬಂದಾಗ ಕೇರಿಯ ಹೆಂಗಸರು ಜೊತೆಗಿದ್ದರು. ಸಂಘದ ನಲ್ಲಪ್ಪ ನೀಲಿ ಟವಲು ಹೊದ್ದು ರಸ್ತೆಯಾಚೆ ಬೈಕು ನಿಲ್ಲಿಸಿಕೊಂಡಿದ್ದ. ಯಾರೂ ಕೂಗಲಿಲ್ಲ. ಸುಮ್ಮನೆ ನಿಂತಿದ್ದರು. ಮಕ್ಕಳ ವ್ಯಾನುಗಳು ಬರತೊಡಗಿದವು. ಹೆಡ್‌ಮಾಸ್ಟರು ಓಡಿ ಬಂದು, “ಒಳಗೆ ಬಾರಮ್ಮ, ಯಾರು ಬರ್ಬೇಡ ಅಂದ್ರು ನಿನ್ನ?” ಅಂದರು.

ಕೆಂಪು ಕೋಟನ್ನು ಅವಳು ಮತ್ತೆ ತೊಡಲಿಲ್ಲ. ಗ್ಲೌಸಿನ ಪ್ಯಾಕೆಟ್ಟನ್ನು ತಾನೇ ಬೀರು ತೆಗೆದು ಒಡೆದಳು. ಟೀ ಹೊತ್ತಿಗೆ ಹಳದಿ ಗೆರೆ ದಾಟಿ ಅಡಿಗೆಮನೆಯ ಬಾಗಿಲಿಗೆ ಹೋಗಿ ಲೋಟ ಚಾಚುತ್ತಿದ್ದಳು. ಮೂರು ಜನ ಟೀಚರುಗಳು ಅವತ್ತಿನಿಂದ ಮನೆಯಿಂದ ಫ್ಲಾಸ್ಕು ತರುವುದಕ್ಕೆ ಶುರು ಮಾಡಿದರು. ತರಲಿ ಅಂದುಕೊಂಡಳು.

ಪದ್ಮಶ್ರೀ ವಾರಗಟ್ಟಲೆ ಮಾತಾಡಲಿಲ್ಲ. ಲೋಟಕ್ಕೆ ಟೀ ಹುಯ್ಯುವಾಗ ಎತ್ತರದಿಂದ ಹುಯ್ಯುತ್ತಿದ್ದಳು. ಒಂದು ದಿನ ಹಿತ್ತಲ ನಲ್ಲಿಯ ಹತ್ತಿರ ಇಬ್ಬರೇ ಸಿಕ್ಕರು. ಪದ್ಮಶ್ರೀ ಪಾತ್ರೆ ತಂದಿದ್ದಳು. ಅಮ್ಮಾಜಮ್ಮ ನೆಲ ಒರೆಸುವ ಬಟ್ಟೆ ಹಿಂಡುತ್ತಿದ್ದಳು.

“ನಿನ್ ದೆಸೆಯಿಂದ ನನ್ ಕೈಗೆ ಆ ಕೋಟು ಕೊಟ್ರು” ಅಂದಳು ಪದ್ಮಶ್ರೀ. ಎಷ್ಟೋ ದಿನ ಒಳಗಿಟ್ಟುಕೊಂಡ ಮಾತು.

“ನೀನು ಒಂದ್ ಗಳಿಗೆ ಹಿಡ್ಕೊಂಡಿದ್ದೆ. ಹೆಂಗಿತ್ತು?”

“ಏನ್ ಕೇಳ್ತೀಯಾ ಹಂಗಂದ್ರೆ?”

“ನಿಜ ಹೇಳಮ್ಮ. ನಿನ್ ಮೇಲೆ ನಂಗೆ ಹೊಟ್ಟೆಕಿಚ್ಚು. ನೀನು ಬಂದ ದಿನದಿಂದ. ಇವತ್ತೂ ಐತೆ. ನಾನು ಮುಚ್ಚಿಡಲ್ಲ. ನೀನೂ ಹೇಳು. ಹೆಂಗಿತ್ತು?”

ಪದ್ಮಶ್ರೀ ನಲ್ಲಿ ತಿರುಗಿಸಿದಳು. ನೀರು ಬೀಳುತ್ತಿತ್ತು, ಪಾತ್ರೆ ಇಡಲಿಲ್ಲ.

“ಮೈಯೆಲ್ಲಾ ಅಸಹ್ಯ ಆಯ್ತು” ಅಂದಳು ಕೊನೆಗೆ. “ಸಾಯಂಕಾಲದಗಂಟ ಕೈ ತೊಳೀತಾನೇ ಇದ್ದೆ. ಹೋಗಲೇ ಇಲ್ಲ.”

“ಏನ್ ಹೋಗ್ಲಿಲ್ಲ?”

“ಅದೇ. ಆ ಗಲೀಜು.”

ಅಮ್ಮಾಜಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ.

“ಆ ಕೋಟು ಹಿಂದಿನ ದಿನ ಸೋಪು ಹಾಕಿ ಒಗೆದಿದ್ದೆ ಕಣೆ. ಬಿಸಿಲಲ್ಲಿ ಒಣಗಿಸಿ ಮಡಿಸಿದ್ದೆ. ಅದ್ರಲ್ಲಿ ಏನೂ ಇರ್ಲಿಲ್ಲ.”

ಪದ್ಮಶ್ರೀ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ಅವನ್ನು ಎಲ್ಲಿಡಬೇಕೋ ತಿಳಿಯದವಳಂತೆ ಸೆರಗಿನೊಳಗೆ ಮುಚ್ಚಿಕೊಂಡಳು.

“ಪಕ್ಕಕ್ಕೆ ಸರಿ, ನೀರು ಪೋಲಾಗ್ತೈತೆ” ಅಂದಳು ಅಮ್ಮಾಜಮ್ಮ. ಪದ್ಮಶ್ರೀ ಸರಿದಳು. ಅಮ್ಮಾಜಮ್ಮ ಅದೇ ನಲ್ಲಿಗೆ ತನ್ನ ಬಕೆಟ್ಟು ಇಟ್ಟಳು.